ಅಕ್ಕನ ಗ್ಲೂಕೋಸ್ ನನ್ನ ಚೀಲದಲ್ಲಿತ್ತು

ಹತ್ತು ಕಿಲೋಮೀಟರ್ ಅನ್ನುವುದು ಓಟದ ಲೆಕ್ಕದಲ್ಲಿ ಎಡಬಿಡಂಗಿ ದೂರ. ನೂರು ಮೀಟರ್ ಓಡುವವರೇ ಬೇರೆ, ಕಟ್ಟೆಯ ಮೇಲೆ ಕೂತು ಸೀಟಿ ಹೊಡೆಯುವ ನಾವೇ ಬೇರೆ. ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್ ಎಂದು ಕೇಳಿದವರು ಅಲ್ಲಿಂದಲೇ ಕೈಮುಗಿಯುತ್ತಾರೆ. ಹತ್ತಕ್ಕೆ ಮಾತ್ರ ಯಾರೂ ಹೆದರುವುದಿಲ್ಲ. ಹೊಲಕ್ಕೆ ನಡೆದು ಹೋಗಿ ಬರುವವರು, ಶೀಗಿ ಹುಣ್ಣಿಮೆಗೆ ತುಳಜಾಪುರದ ಅಂಬಾಭವಾನಿಗೆ ಪಾದಯಾತ್ರೆ ಹೋದವರು, ಸಕ್ಕರೆ ಕಾಯಿಲೆ ಬಂದ ಮೇಲೆ ಬೆಳಿಗ್ಗೆ ಬೆಳಿಗ್ಗೆ ಕೆರೆ ಸುತ್ತುವವರು, ಎಲ್ಲರೂ ‘ಹತ್ತೇನ್ ಮಹಾ’ ಅಂತಾರೆ. ಒಂದು ಮನೆಯ ಮಂದಿ, ಒಂದು ಸ್ಟಾಫ್‌ರೂಮಿನ ಮಂದಿ ಕೂಡಿ ಹೆಸರು ಕೊಡುವ ದೂರ ಅದೊಂದೇ. ತೊಡಕು ಇರುವುದೂ ಅಲ್ಲೇ. ದೂರ ಎಲ್ಲರಿಗೂ ಒಂದೇ ಆದರೂ ಕಾಲು ಒಬ್ಬೊಬ್ಬರದು ಒಂದೊಂದು ನಮೂನಿ.

ನಾವು ಹೆಸರು ಕೊಟ್ಟದ್ದು ಬೆಂಗಳೂರಿನ ವರ್ಲ್ಡ್ 10ಕೆ ಓಟಕ್ಕೆ. 2008ರಲ್ಲಿ ಶುರುವಾದ ಈ ಓಟದಲ್ಲಿ ಜಗತ್ತಿನ ದೊಡ್ಡ ಓಟಗಾರರೂ ನಮ್ಮಂಥವರೂ ಒಂದೇ ದಿನ ರಸ್ತೆಗಿಳಿಯುತ್ತೇವೆ. ನಾವು ಓಡಿದ ದಿನ, 2025ರ ಏಪ್ರಿಲ್ 27ರಂದು, ಅಲ್ಲಿ ಗೆದ್ದವರು ಉಗಾಂಡದ ಜೋಶುವಾ ಚೆಪ್ಟೆಗಿ. ಹಿಂದಿನ ವರ್ಷವಷ್ಟೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಚಿನ್ನ ಗೆದ್ದಿದ್ದ ಆತ ಇಲ್ಲಿ ತೆಗೆದುಕೊಂಡದ್ದು 27 ನಿಮಿಷ 53 ಸೆಕೆಂಡ್. ನಮ್ಮ ಗುಂಪಿನಲ್ಲಿದ್ದವರು ನಾನು, ಕಮಲಾಪುರದಲ್ಲಿರುವ ನನ್ನ ಅಕ್ಕ, ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುವ ಅವಳ ಮಗ, ನಮ್ಮ ಶಾಲೆಯ ಇಬ್ಬರು ಮಾಸ್ತರರು. ನನ್ನ ಹೆಂಡತಿ ಮತ್ತು ಮಾಸ್ತರರ ಮನೆಯವರು ಮಜಾ ರನ್‌ಗೆ. ಅದು ಇನ್ನೂ ಸಣ್ಣ ದೂರ, ಹೆಸರೇ ಹೇಳುವ ಹಾಗೆ ನಕ್ಕೋತ ಓಡುವುದು.

ಅಕ್ಕನನ್ನು ಎಳೆದು ತಂದವನು ನಾನೇ. ಅವಳಿಗೆ ಐವತ್ತು ದಾಟಿದೆ, ಸಕ್ಕರೆ ಕಾಯಿಲೆಯೂ ಹಳೆಯದೇ. ಡಾಕ್ಟರು ‘ನಡೀರಿ’ ಅಂದಿದ್ದರು. ನಾನು ಅದನ್ನು ‘ಓಡು’ ಎಂದು ತಿದ್ದಿದೆ. ಕಮಲಾಪುರ ಹುಮನಾಬಾದ್ ರಸ್ತೆಯ ಮೇಲಿರುವ ಊರು. ಈಗ ತಾಲ್ಲೂಕು ಕೇಂದ್ರವಾಗಿದೆ. ಜಿಐ ಮಾನ್ಯತೆ ಪಡೆದ ಕೆಂಪು ಬಾಳೆಯಿಂದ ಹೆಸರಾದದ್ದು. ಆ ಹೆದ್ದಾರಿಯ ಮೇಲೆ ನಸುಕಿನಲ್ಲೂ ಲಾರಿಗಳ ಸಾಲು ತಪ್ಪುವುದಿಲ್ಲ. ಮೊದಮೊದಲು ಅವಳು ರಸ್ತೆಯ ಅಂಚಿನಲ್ಲಿ ನಡೆದಳು. ಲಾರಿಯೊಂದು ಹಾರ್ನ್ ಹೊಡೆದ ರಭಸಕ್ಕೆ ಸೆರಗು ಹಾರಿ ಮುಖಕ್ಕೆ ಬಡಿದ ದಿನದಿಂದ ತೋಟದ ದಾರಿ ಹಿಡಿದಳು. ಸೀರೆ ಬಿಟ್ಟು ಕುರ್ತಾ ತೊಟ್ಟದ್ದೂ ಆವತ್ತೇ. ಊರಿನ ಹೆಂಗಸರು ‘ಏನ್ರೀ ಅಕ್ಕಾ, ಪೊಲೀಸ್ ಭರ್ತಿಗೆ ಹೊಂಟೀರೇನು?’ ಅಂತ ನಕ್ಕರು. ಅವಳೂ ನಕ್ಕು ಓಡಿದಳು.

ಅವಳಿಗೆ ನಾನು ಕಲಿಸಿದ್ದು ಓಡುತ್ತ-ನಡೆಯುತ್ತ ಹೋಗುವ ಪದ್ಧತಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ ಮುಂದೆ ಸಾಮಾನ್ಯರಿಗಾಗಿ ಇದನ್ನು ಜನಪ್ರಿಯಗೊಳಿಸಿದರು. ದಣಿದ ಮೇಲೆ ನಡೆಯುವುದಲ್ಲ, ದಣಿಯುವ ಮೊದಲೇ ನಡೆಯುವುದು. ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಓಡುವಾಗಲೂ ಪಕ್ಕದವರ ಜತೆ ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ಅಕ್ಕನ ಮಾತು ತುಂಡಾಗುವುದು ಕಷ್ಟವೇ. ಬಾಳೆಗೊನೆಯ ದರ, ಭಾವನ ಸಿಟ್ಟು, ಪಕ್ಕದ ಹೊಲದವರ ಬದುವಿನ ತಕರಾರು, ಎಲ್ಲ ಹೇಳುತ್ತ ಓಡುತ್ತಿದ್ದಳು. ಭಾನುವಾರ ಕಲಬುರಗಿಯಿಂದ ಹೋಗಿ ನಾನೂ ಅವಳ ಜತೆ ಓಡುತ್ತಿದ್ದೆ. ಆಗ ನನಗೆ ಬೇಸರ ಬರುತ್ತಿತ್ತು ಅನ್ನುವುದನ್ನು ಇಲ್ಲಿ ಬರೆಯಲೇಬೇಕು. ವಾರದ ಉಳಿದ ದಿನ ಕಲಬುರಗಿಯ ಅಪ್ಪನ ಕೆರೆಯ ಸುತ್ತ ಗಡಿಯಾರ ನೋಡುತ್ತ ಓಡಿ ಕೂಡಿಟ್ಟ ವೇಗವೆಲ್ಲ ಭಾನುವಾರ ಪೋಲಾಗುತ್ತದೆ ಅನಿಸುತ್ತಿತ್ತು. ಬಾಯಲ್ಲಿ ಮಾತ್ರ ‘ಬೆಂಗಳೂರಾಗ ನಿನ್ನ ಬಾಜೂಕೇ ಓಡ್ತೀನಿ, ಹೆದರಬ್ಯಾಡ’.

ನನ್ನ ಬೇನೆ ಏನೆಂದು ಹೇಳದೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ನಾನು ಹೈಸ್ಕೂಲ್ ಮಾಸ್ತರ. ಕಲಬುರಗಿ ಜಿಲ್ಲೆಯಲ್ಲಿ ಮಾಸ್ತರಿಕೆ ಮಾಡುವವರಿಗೆ ವರ್ಷಕ್ಕೊಮ್ಮೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಒಂದು ಪಟ್ಟಿ ಬರುತ್ತದೆ. ಎಲ್ಲ ಜಿಲ್ಲೆಯವರೂ ಅದನ್ನು ಮೇಲಿಂದ ಓದಿದರೆ ನಾವು ಕೆಳಗಿಂದ ಓದುತ್ತೇವೆ. 2024ರಲ್ಲಿ ಯಾದಗಿರಿ ಕೊನೆ, ನಾವೂ ಬಾಲದಲ್ಲೇ. ಬೆಂಗಳೂರು, ಮಂಗಳೂರಿನ ತರಬೇತಿಗಳಿಗೆ ಹೋದಾಗ ‘ಓ, ಆ ಕಡೆಯವರಾ’ ಅನ್ನುವ ದನಿ ಕೇಳಿ ಕೇಳಿ ಕಿವಿಗೆ ಗಟ್ಟಿ ಬಿದ್ದಿದೆ. ಸಂವಿಧಾನಕ್ಕೇ ತಿದ್ದುಪಡಿ ತಂದು 371(ಜೆ) ಕೊಟ್ಟ ಪ್ರದೇಶ ನಮ್ಮದು. ಹಿಂದುಳಿದಿದ್ದೇವೆ ಅನ್ನುವುದಕ್ಕೆ ನಮ್ಮ ಹತ್ತಿರ ಸರ್ಕಾರಿ ಕಾಗದವೇ ಇದೆ. ಅದರಿಂದ ಬಂದ ನೌಕರಿಯನ್ನು ಉಣ್ಣುತ್ತಲೇ ಆ ಮಾತಿಗೆ ಸಿಟ್ಟು ಮಾಡಿಕೊಳ್ಳುವವರು ನಾವು. ಕೊನೆ ಎಂಬ ಜಾಗದ ಬಗ್ಗೆ ನನಗೊಂದು ಹೆದರಿಕೆ ಹುಟ್ಟಿದ್ದು ಹೀಗೆ. ಅದು ಪಟ್ಟಿಯಿಂದ ಇಳಿದು ಕಾಲಿಗೆ ಬಂದದ್ದು ಗೊತ್ತಾಗಲಿಲ್ಲ.

ಸೊಲ್ಲಾಪುರ-ಹಾಸನ ರೈಲಿನಲ್ಲಿ ರಾತ್ರಿಯಿಡೀ ಸಂಭ್ರಮ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಕ್ಕ ತಂದ ಕೆಂಪು ಬಾಳೆಹಣ್ಣು. ನಮ್ಮ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನೇ ಬಿಸಿಲಿಗೆ ಹೆದರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ನಡೆಸುತ್ತಾರೆ. ಹಾಗಾಗಿ ‘ಬೆಂಗಳೂರಿನ ಬಿಸಿಲು ನಮಗೇನ್ ಬಿಸಿಲ್ರೀ’ ಅಂತ ಬೋಗಿ ತುಂಬ ಜಂಭ. ನಮ್ಮ ನೆಲ ಬಹುಮಟ್ಟಿಗೆ ಸಪಾಟು, ಬೆಂಗಳೂರಿನ ರಸ್ತೆ ಏರಿ ಇಳಿಯುತ್ತದೆ ಎಂಬ ಮಾತನ್ನು ಮಾತ್ರ ಯಾರೂ ತೆಗೆಯಲಿಲ್ಲ.

ಓಟದ ದಿನ ನಸುಕಿನಲ್ಲೇ ಕಬ್ಬನ್ ರಸ್ತೆಯ ಮಾಣೆಕ್ ಷಾ ಪರೇಡ್ ಮೈದಾನ ತಲುಪಿದೆವು. ಅಲ್ಲಿ ಒಂದು ಸಣ್ಣ ಕೆಲಸ ನಡೆಯಿತು. ಹೆಂಗಸರ ಕುರ್ತಾಕ್ಕೆ ಜೇಬು ಹೊಲಿಯಬಾರದೆಂದು ಯಾವ ಟೇಲರ್ ಮಹಾಶಯ ತೀರ್ಮಾನಿಸಿದನೋ ಗೊತ್ತಿಲ್ಲ. ಅಕ್ಕ ತನ್ನ ಫೋನು, ನೂರರ ಎರಡು ನೋಟು, ಗ್ಲೂಕೋಸ್ ಪುಡಿಯ ಪುಟ್ಟ ಪೊಟ್ಟಣವನ್ನು ನನ್ನ ಸೊಂಟದ ಚೀಲಕ್ಕೆ ಹಾಕಿದಳು. ಬಾಜೂಕೇ ಇರ್ತಾನಲ್ಲ ತಮ್ಮ. ಚೀಲದ ಜಿಪ್ ನಾನೇ ಎಳೆದೆ.

ಮೊದಲ ಸಲ ಓಡುವವರನ್ನು ಹಿಂದಿನ ಗುಂಪಿನಲ್ಲಿ ನಿಲ್ಲಿಸುತ್ತಾರೆ. ಅಳಿಯ ಅಪ್ಪಣೆ ಕೇಳಿ ಮುಂದೆ ಹೋದ. ಮಾಸ್ತರರಿಬ್ಬರೂ ಜನರಲ್ಲಿ ಕರಗಿದರು. ನಾನು, ಅಕ್ಕ ಎರಡು ನಿಮಿಷ ಓಡಿದೆವು, ಎರಡು ನಿಮಿಷ ನಡೆದೆವು. ನಡೆಯುವ ಆ ಎರಡು ನಿಮಿಷದಲ್ಲಿ ನನ್ನನ್ನು ದಾಟಿ ಹೋದವರ ಬೆನ್ನುಗಳು ಇವತ್ತಿಗೂ ನೆನಪಿವೆ. ಬಿಳಿ ಮೀಸೆಯ ಅಜ್ಜ. ಯಾವುದೋ ಕಂಪನಿಯ ಒಂದೇ ಬಣ್ಣದ ಅಂಗಿಯ ಹುಡುಗಿಯರು. ನನಗಿಂತ ಎರಡು ಪಟ್ಟು ತೂಕದ ಒಬ್ಬಾತ, ಏದುಸಿರು ಬಿಡುತ್ತಲೇ ನನ್ನ ಕಡೆ ಹೆಬ್ಬೆರಳೆತ್ತಿ ಹುರಿದುಂಬಿಸಿ ಹೋದ. ಅದು ನನಗೆ ತಡೆಯಲಾಗಲಿಲ್ಲ. ಹಿಂತಿರುಗಿ ನೋಡಿದೆ. ಹಿಂದೆ ಜನ ಕಡಿಮೆಯಾಗುತ್ತಿದ್ದರು. ಬೆವರಿದ್ದು ಆಗ.

‘ಅಕ್ಕಾ, ನೀ ಹಿಂಗೇ ಬಾ. ನಾ ಜರಾ ಮುಂದ ಹೋಗಿ ನೀರಿನ ಟೇಬಲ್ ಹತ್ರ ನಿಲ್ತೀನಿ.’

‘ಹೋಗು ತಮ್ಮಾ’ ಅಂದಳು. ಪೂರ್ತಿ ವಾಕ್ಯ ಅಲ್ಲ ಅದು, ಮಾತು ತುಂಡಾಗಿತ್ತು. ಕಲಿಸಿದವನಿಗೆ ಕೇಳಿಸಬೇಕಿತ್ತು.

ನೀರಿನ ಟೇಬಲ್ ಬಂತು, ನಿಲ್ಲಲಿಲ್ಲ. ಮುಂದಿನದರಲ್ಲಿ ನಿಂತರಾಯಿತು ಅಂದುಕೊಂಡೆ. ಅದೂ ಬಂತು, ಹೋಯಿತು. ಇಷ್ಟರಲ್ಲಿ ನನ್ನನ್ನು ದಾಟಿದ ಹುಡುಗಿಯರನ್ನು ನಾನು ದಾಟಿದ್ದೆ, ಅಜ್ಜನನ್ನೂ. ಒಬ್ಬೊಬ್ಬರನ್ನು ದಾಟಿದಾಗಲೂ ಮೈಯಲ್ಲಿ ಒಂದು ಹಿತ. ಸುಳ್ಳು ಯಾಕೆ ಹೇಳಲಿ, ಆ ಹೊತ್ತು ನನ್ನ ಬದುಕಿನ ಅತಿ ಖುಷಿಯ ಹೊತ್ತುಗಳಲ್ಲಿ ಒಂದು. ಸೊಂಟದ ಚೀಲ ಹೊಟ್ಟೆಗೆ ಬಡಿಯುತ್ತಿದ್ದುದರಿಂದ ಅದನ್ನು ಬೆನ್ನಿನ ಕಡೆಗೆ ತಿರುಗಿಸಿಕೊಂಡೆ. ಒಳಗೆ ಏನಿದೆ ಎಂಬ ನೆನಪು ಆಗಲೂ ಬರಲಿಲ್ಲ. 1 ಗಂಟೆ 9 ನಿಮಿಷಕ್ಕೆ ಮುಗಿಸಿದೆ. ಅಪ್ಪನ ಕೆರೆಯ ಸುತ್ತ ಎಂದೂ ಬಾರದ ಟೈಮ್.

ಪದಕ ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಚೀಲದಲ್ಲಿ ಫೋನು ಬಡಿದುಕೊಂಡಿತು. ಎರಡೂ ಫೋನುಗಳು, ಒಂದರ ಹಿಂದೆ ಒಂದು. ನನ್ನದನ್ನು ತೆಗೆದರೆ ಕಮಲಾಪುರದಿಂದ ಭಾವ.

‘ಮಾಸ್ತರ್ರ, ಎಲ್ಲಿದ್ದೀರಿ? ನಿಮ್ಮಕ್ಕ ಯಾರ್ದೋ ಫೋನಿಂದ ಮಾಡ್ಯಾಳ. ಸಕ್ಕರಿ ಇಳದದಂತ. ನೀವು ಬಾಜೂಕ ಇಲ್ಲೇನು?’

ನಾವು ಓಡುತ್ತಿದ್ದ ಅದೇ ಹತ್ತು ಕಿಲೋಮೀಟರಿನ ಒಳಗೆ, ಹಲಸೂರು ಕೆರೆಯ ಕಡೆ ರಸ್ತೆಯ ಪಕ್ಕ ಕೂತಿದ್ದ ಅಕ್ಕನ ಸುದ್ದಿ ನನಗೆ ಆರುನೂರು ಕಿಲೋಮೀಟರ್ ಆಚೆಯಿಂದ ಬಂತು. ಅವಳಿಗೆ ಬಾಯಿಪಾಠ ಇದ್ದದ್ದು ಗಂಡನ ನಂಬರ್ ಒಂದೇ. ನನ್ನ ನಂಬರು ಅವಳ ಫೋನಿನಲ್ಲಿತ್ತು, ಫೋನು ನನ್ನ ಬೆನ್ನ ಮೇಲಿತ್ತು.

ಆದದ್ದು ಇಷ್ಟು. ಅವಳು ತೆಗೆದುಕೊಳ್ಳುವ ಗುಳಿಗೆಗಳಲ್ಲಿ ಗ್ಲಿಮೆಪಿರೈಡ್ ಒಂದು. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೆಚ್ಚು ಹೊರಬರುವಂತೆ ಮಾಡುತ್ತದೆ. ಓಡುವ ಸ್ನಾಯುಗಳು ತಾವೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಎರಡೂ ಕೂಡಿದರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗಿಳಿಯಬಹುದು. ಕೈ ನಡುಗುತ್ತದೆ, ತಣ್ಣನೆಯ ಬೆವರು ಬರುತ್ತದೆ, ತಲೆ ಮಂಕಾಗುತ್ತದೆ. ಆಗ ಹದಿನೈದು ಗ್ರಾಮಿನಷ್ಟು ಸಕ್ಕರೆ ಬಾಯಿಗೆ ಹಾಕಿ ಹದಿನೈದು ನಿಮಿಷ ಕಾದು ಮತ್ತೆ ಪರೀಕ್ಷಿಸಬೇಕು. ಇದನ್ನೆಲ್ಲ ಡಾಕ್ಟರು ನನ್ನ ಎದುರೇ ಹೇಳಿದ್ದರು, ಓಟದ ದಿನ ಗುಳಿಗೆಯ ಪ್ರಮಾಣ ಹೇಗೆ ಅನ್ನುವುದನ್ನೂ. ನಸುಕಿನಲ್ಲಿ ಹೆದರಿಕೆಗೆ ಅವಳು ಒಂದು ಬಾಳೆಹಣ್ಣಿನ ಮೇಲೆ ಏನೂ ತಿಂದಿರಲಿಲ್ಲ. ಗುಳಿಗೆ ಮಾತ್ರ ಎಂದಿನಂತೆ ನುಂಗಿದ್ದಳು. ನಾನು ಆ ಹೊತ್ತಿನಲ್ಲಿ ಲೇಸು ಕಟ್ಟುವುದರಲ್ಲಿದ್ದೆ.

ಹೆಸರು ಗೊತ್ತಿಲ್ಲದ ಯಾರೋ ಒಬ್ಬಾಕೆ ತನ್ನ ಓಟ ನಿಲ್ಲಿಸಿ ಶೇಂಗಾ ಚಿಕ್ಕಿ ಕೊಟ್ಟಳಂತೆ. ಸ್ವಯಂಸೇವಕ ಹುಡುಗರು ವೈದ್ಯರ ಹತ್ತಿರ ಕರೆದೊಯ್ದರು. ನಾನು ಹೋಗಿ ಮುಟ್ಟುವ ಹೊತ್ತಿಗೆ ಅಕ್ಕ ಚೇತರಿಸಿಕೊಂಡು, ಎಲ್ಲಿಂದಲೋ ಸಿಕ್ಕ ಜ್ಯೂಸ್ ಡಬ್ಬಿ ಹಿಡಿದು, ಪಕ್ಕದಲ್ಲಿದ್ದ ಹುಡುಗಿಗೆ ಕೆಂಪು ಬಾಳೆಯ ವಿಷಯ ಹೇಳುತ್ತಿದ್ದಳು. ಉಳಿದ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದಕ್ಕೆ ಒಂದೂವರೆ ವರ್ಷ ಬೇಕವ್ವ, ಅದಕ್ಕೇ ತುಟ್ಟಿ, ಅಂತ. ನನ್ನನ್ನು ನೋಡಿದವಳೇ ಕೇಳಿದ್ದು:

‘ಟೈಮ್ ಎಷ್ಟ್ ಬಂತು?’

ಅವಳು ಬೈದಿದ್ದರೆ ಎಷ್ಟೋ ಬೇಕಾಗಿತ್ತು. ಹೇಳಿದೆ. ‘ಛಲೋ ಆತು’ ಅಂದಳು. ಕುಟುಕು ಇರಲಿಲ್ಲ, ನಿಜವಾಗಿಯೇ ಅಂದಳು. ನಾನು ಚೀಲದ ಜಿಪ್ ತೆಗೆದು ಗ್ಲೂಕೋಸ್ ಪೊಟ್ಟಣ ಕೈಗೆ ಕೊಟ್ಟೆ. ಬೆವರಿಗೆ ಅದು ಗಟ್ಟಿಯಾಗಿ ಉಂಡೆಕಟ್ಟಿತ್ತು.

ವಾಪಸ್ ಬಂದ ಮೇಲೆ ಅಳಿಯ ಒಂದು ವಿಡಿಯೋ ತೋರಿಸಿದ. ಬೇಕೆಂದೇ ತೋರಿಸಿದನೋ ಏನೋ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಓಡುತ್ತಿರುವುದು. ದೃಷ್ಟಿಯಿಲ್ಲದ ಈ ಹುಡುಗಿ 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಚಿನ್ನ ಗೆದ್ದವಳು, ಮರುವರ್ಷ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಓಡಿದವಳು. ಪಕ್ಕದಲ್ಲಿ ಗೈಡ್ ಓಟಗಾರ, ಇಬ್ಬರ ಕೈಗೂ ಒಂದು ತುಂಡು ಹುರಿ. ಅಳಿಯ ಅಲ್ಲಿಯ ನಿಯಮ ವಿವರಿಸಿದ. ಗೈಡ್ ಆಕೆಯನ್ನು ಎಳೆಯುವಂತಿಲ್ಲ, ದೂಡುವಂತಿಲ್ಲ. ಗುರಿಯ ಗೆರೆಯನ್ನು ಓಟಗಾರ್ತಿಗಿಂತ ಮೊದಲು ಗೈಡ್ ದಾಟಿದರೆ ಇಬ್ಬರ ಓಟವೂ ಅನರ್ಹ. ಅಂದರೆ ಆ ಗೈಡ್ ಆಕೆಗಿಂತ ವೇಗವಾಗಿ ಓಡಬಲ್ಲವನಾಗಿರಬೇಕು, ಓಡಬಾರದು. ವಿಡಿಯೋ ನಿಲ್ಲಿಸಿ ನಿಲ್ಲಿಸಿ ಆತನ ಕಾಲನ್ನೇ ನೋಡಿದೆ. ಆಕೆಯ ಹೆಜ್ಜೆ ಬಿದ್ದಾಗಲೇ ಆತನ ಹೆಜ್ಜೆ. ನಾನು ಕಲಬುರಗಿಯಲ್ಲಿ ತಿಂಗಳುಗಟ್ಟಲೆ ಮಾಡಿದ ತಾಲೀಮಿನಲ್ಲಿ ಇದಕ್ಕೆ ಸಂಬಂಧಪಟ್ಟದ್ದು ಒಂದೂ ಇರಲಿಲ್ಲ. ವೇಗ ಹೆಚ್ಚಿಸುವ ತಾಲೀಮು ಮಾಡಿದ್ದೆ. ಬೇಸರವಿಲ್ಲದೆ ಇನ್ನೊಬ್ಬರ ವೇಗದಲ್ಲಿ ಇರುವುದಕ್ಕೂ ತಾಲೀಮು ಬೇಕೆಂದು ಹೊಳೆದಿರಲಿಲ್ಲ. ಭಾನುವಾರಗಳೇ ಆ ತಾಲೀಮು ಆಗಿದ್ದವು. ನಾನು ಅವನ್ನು ಪೋಲು ಎಂದು ಬರೆದಿಟ್ಟಿದ್ದೆ.

ತುಳಜಾಪುರದ ಪಾದಯಾತ್ರೆಗೆ ಅಕ್ಕ ಹೋಗಿ ಬಂದಿದ್ದಾಳೆ. ಅಲ್ಲಿ ಹಿಂದೆ ಬಿದ್ದವರಿಗಾಗಿ ಗುಂಪು ಮುಂದಿನ ಊರಿನ ಗುಡಿಯಲ್ಲಿ ಕಾಯುತ್ತದೆ, ಅವರು ಬಂದ ಮೇಲೆಯೇ ಊಟಕ್ಕೆ ಏಳುವುದು ಅನ್ನುತ್ತಿದ್ದಳು. ಅವಳು ‘ಹೋಗು ತಮ್ಮಾ’ ಅಂದದ್ದು ಆ ರೂಢಿಯ ಮೇಲೆ. ನಿಲ್ತೀನಿ ಅಂದವರು ನಿಲ್ಲುತ್ತಾರೆ.

ಬೆಂಗಳೂರಿನಿಂದ ಬಂದ ಅದೇ ವಾರ, ಮೇ 2ರಂದು, ಎಸ್ಸೆಸ್ಸೆಲ್ಸಿ ಫಲಿತಾಂಶ. ದಕ್ಷಿಣ ಕನ್ನಡ ಶೇ. 91.12, ಮೊದಲು. ಕಲಬುರಗಿ ಶೇ. 42.43, ಎಲ್ಲರಿಗಿಂತ ಕೊನೆ. ಸ್ಟಾಫ್‌ರೂಮಿನಲ್ಲಿ ಎಂದಿನ ವಾದ ನಡೆಯಿತು. ಹಿಂದಿನ ವರ್ಷದ ಕೃಪಾಂಕ ಈ ಸಲ ಇಲ್ಲ, ಕೋಣೆ ಕೋಣೆಗೆ ಕ್ಯಾಮೆರಾ ಇಟ್ಟರು, ಗುಳೆ ಹೋಗುವ ತಂದೆತಾಯಿಗಳ ಮಕ್ಕಳು ಓದುವುದಾದರೂ ಯಾವಾಗ. ಅದೆಲ್ಲ ನಿಜವೇ. ಆದರೆ ಆ ಸಲ ನಾನು ವಾದಕ್ಕೆ ಕೂಡಲಿಲ್ಲ. ನನ್ನ ವಿಷಯದ ನೋಟ್‌ಬುಕ್ ತೆಗೆದು ನೋಡಿದೆ. ಪಾಸಾಗುವ ಅಂಚಿನಲ್ಲಿರುವ ಮಕ್ಕಳಿಗಾಗಿ ‘ಪಾಸಿಂಗ್ ಪ್ಯಾಕೇಜ್’ ಅಂತ ಒಂದು ಪದ್ಧತಿ ಇದೆ. ಕೆಲವೇ ಪಾಠ, ಖಂಡಿತ ಬರುವ ಪ್ರಶ್ನೆ, ಮತ್ತೆ ಮತ್ತೆ ತಿದ್ದಿಸುವುದು. ಅದು ಒಳ್ಳೆಯದೇ. ಅದರೊಳಗೆ ಯಾರನ್ನು ಸೇರಿಸಬೇಕು ಅನ್ನುವ ಪಟ್ಟಿಯನ್ನು ಚಳಿಗಾಲದಲ್ಲಿ ನಾನು ಮಾಡಿದ್ದೆ. ಕೆಳಗಿನ ಕೆಲವು ಹೆಸರುಗಳ ಮೇಲೆ ಸಣ್ಣ ಅಡ್ಡಗೆರೆ. ಇವರು ಏನು ಮಾಡಿದರೂ ಆಗುವುದಿಲ್ಲ, ಉಳಿದವರ ವೇಗ ಕೆಡಿಸುತ್ತಾರೆ ಅಂತ. ಬರೆದ ಕೈ ನನ್ನದೇ, ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ತಾಂಡಾದ ಒಬ್ಬ ಹುಡುಗ ಇದ್ದ. ಸಂಕ್ರಾಂತಿ ತನಕ ನಾಲ್ಕು ದಿನ ಬಂದರೆ ಮೂರು ದಿನ ಬರುತ್ತಿರಲಿಲ್ಲ. ಆಮೇಲೆ ಅವನ ಮನೆಗೆ ಫೋನ್ ಮಾಡುವುದನ್ನು ನಿಲ್ಲಿಸಿದ್ದೆ.

2025ರಲ್ಲಿ ಒಂದೇ ವರ್ಷಕ್ಕೆ ಮೂರು ಪರೀಕ್ಷೆ ಇದ್ದವು. ಎರಡನೆಯದು ಮೇ ಕೊನೆಯ ವಾರಕ್ಕಿತ್ತು. ಬೆಳಿಗ್ಗೆ ಏಳಕ್ಕೆ ಬಿಸಿಲು ಏರುವ ಮುಂಚೆ ಶಾಲೆಯ ವರಾಂಡದಲ್ಲಿ ಮಕ್ಕಳನ್ನು ಕೂಡಿಸಿದೆ. ಅಡ್ಡಗೆರೆ ಬಿದ್ದವರನ್ನೂ ಕರೆಸಿದೆ. ತಾಂಡಾದ ಹುಡುಗ ಸಿಗಲಿಲ್ಲ, ಅಪ್ಪ-ಅವ್ವನ ಜತೆ ಪುಣೆ ಕಡೆಗೆ ಕೆಲಸಕ್ಕೆ ಹೋಗಿದ್ದ. ಫೋನಿನಲ್ಲಿ ಸಿಕ್ಕಾಗ ‘ಆಯ್ತು ಸರ್, ಬರ್ತೀನಿ’ ಅಂದ. ಬರಲಿಲ್ಲ. ಬಂದವರಲ್ಲಿ ಕೆಲವರು ಪಾಸಾದರು, ಕೆಲವರು ಆಗಲಿಲ್ಲ. ಅತಿ ನಿಧಾನದವಳು ಒಂದು ಲೆಕ್ಕವನ್ನು ಬಿಡಿಸಿ ಮುಗಿಸುವ ತನಕ ಸುಮ್ಮನೆ ಕೂಡುವುದು, ಮಧ್ಯೆ ಉತ್ತರ ಹೇಳದಿರುವುದು, ನನಗೆ ಹತ್ತು ಕಿಲೋಮೀಟರಿಗಿಂತ ತ್ರಾಸಾಯಿತು. ಒಂದೆರಡು ಸಲ ಉತ್ತರ ಹೇಳಿಯೂಬಿಟ್ಟೆ.

ಭಾನುವಾರ ಈಗಲೂ ಕಮಲಾಪುರಕ್ಕೆ ಹೋಗುತ್ತೇನೆ. ಅಕ್ಕನಿಗಿಂತ ಅರ್ಧ ಹೆಜ್ಜೆ ಹಿಂದೆ ಓಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಪಕ್ಕದಲ್ಲಿ ಓಡಿದರೆ ನನ್ನ ಕಾಲು ಅರಿವಿಲ್ಲದೇ ಮುಂದೆ ಹೋಗುತ್ತದೆ, ಅವಳು ಅದಕ್ಕೆ ಹೊಂದಿಕೊಳ್ಳಲು ಹೋಗಿ ದಣಿಯುತ್ತಾಳೆ. ಕೈಗಡಿಯಾರ ಮನೆಯಲ್ಲೇ ಬಿಡುತ್ತೇನೆ. ಬೇಸರ ಪೂರ್ತಿ ಹೋಗಿಲ್ಲ. ಆದರೆ ಬದುವಿನ ತಕರಾರು ಎಲ್ಲಿಗೆ ಬಂತೆಂದು ತಿಳಿಯುವ ಕುತೂಹಲ ಹುಟ್ಟಿದೆ. ಅದು ಕೋರ್ಟಿಗೆ ಹೋಗುವ ಲಕ್ಷಣ ಇದೆ.

ಅಕ್ಕ ಕಮಲಾಪುರದ ಟೇಲರ್ ಹತ್ತಿರ ಕುರ್ತಾಕ್ಕೆ ಎರಡೂ ಕಡೆ ಜೇಬು ಹಚ್ಚಿಸಿದ್ದಾಳೆ. ಒಂದರಲ್ಲಿ ಫೋನು, ಒಂದರಲ್ಲಿ ಗ್ಲೂಕೋಸ್. ಬೆಂಗಳೂರಿಗೆ ಮತ್ತೆ ಹೋಗುವವಳೇ, ಆ ಓಟ ಅರ್ಧಕ್ಕೆ ನಿಂತದ್ದು ಅವಳಿಗೆ ಇನ್ನೂ ಚುಚ್ಚುತ್ತದೆ. ನಾನೂ ಜತೆಗೆ ಹೆಸರು ಕೊಡಲೇ ಅಂತ ಕೇಳಿದೆ. ಸ್ವಲ್ಪ ಹೊತ್ತು ಓಡಿದಳು, ಉತ್ತರ ನಡಿಗೆಯ ಎರಡು ನಿಮಿಷದಲ್ಲಿ ಬಂತು:

‘ಬ್ಯಾಡ ತಮ್ಮಾ. ನಾ ಮಗನ ಜತಿ ಹೋಗ್ತೀನಿ. ನೀ ವೈನಿ ಜತಿ ಮಜಾ ರನ್ ಓಡು.’

ಹೆಂಡತಿಗೆ ಹೇಳಿದರೆ, ‘ವಿಚಾರ ಮಾಡ್ತೀನಿ’ ಅಂದಿದ್ದಾಳೆ.